ಒಂದೇ ಸೂರಿನ ಹಿರಿತನ: ಕ್ರೈಸ್ತ ಕಾಲೇಜಿನ ವಸತಿಜೀವನವೂ ವಿದ್ಯಾರ್ಥಿ ನಾಯಕತ್ವವೂ

(ಚಿಮ್ಮಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಕೃಷ್ಣೆಗೂ ಘಟಪ್ರಭೆಗೂ ನಡುವಣ ಈ ಸೀಮೆಯಿಂದ ವಿದ್ಯೆಯನ್ನರಸಿ ದೂರದೂರಿಗೆ ಹೊರಟವರ ಪರಂಪರೆ ಸಾವಿರ ವರ್ಷಗಳಿಗಿಂತಲೂ ಹಳೆಯದು. ನಮ್ಮ ನೆರೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು, ಕುಲವೃತ್ತಿಯ ಮಲಾರವನ್ನು ಬದಿಗಿಟ್ಟು, ಅಂದಿನ ಕಾಲದ ದುರ್ಗಮವಾದ ಹಾದಿಯನ್ನು ಸವೆಸಿ ಶ್ರವಣಬೆಳಗೊಳವನ್ನು ಸೇರಿ, ಅಜಿತಸೇನಾಚಾರ್ಯರ ಪದತಲದಲ್ಲಿ ಕುಳಿತು ಶಾಸ್ತ್ರಗಳನ್ನು ಕಲಿತು, ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಆಶ್ರಯವನ್ನು ಪಡೆದು, ಕವಿಚಕ್ರವರ್ತಿಯೆನಿಸಿಕೊಂಡ ಕಥೆಯನ್ನು ಈ ಸಭೆಯಲ್ಲಿ ಅರಿಯದವರಿಲ್ಲ. ಅವನ ಗುರುವಿನ ಹೆಸರು ಉಳಿದಿದೆ, ಪೋಷಕರ ಹೆಸರು ಉಳಿದಿದೆ, ತಂದೆ ಜಿನವಲ್ಲಭ ತಾಯಿ ಅಬ್ಬಲಬ್ಬೆಯರ ಹೆಸರೂ ಉಳಿದಿದೆ. ಆದರೆ ಆ ಅಪರಿಚಿತ ಸ್ಥಳದಲ್ಲಿ ಮೊದಲ ರಾತ್ರಿ ಆ ಹುಡುಗನಿಗೆ ಮಲಗುವ ಎಡೆಯನ್ನು ತೋರಿದವರಾರು, ನೀರಿನ ದಾರಿಯನ್ನು ಹೇಳಿಕೊಟ್ಟವರಾರು, ಗುರುಗಳ ಮುಂದೆ ಹೇಗೆ ಕೂಡಬೇಕು, ಯಾವಾಗ ಮಾತನಾಡಬೇಕು ಎಂಬುದನ್ನು ಮೆಲುದನಿಯಲ್ಲಿ ತಿಳಿಸಿದವರಾರು ಎಂಬುದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ವಿದ್ಯಾಸ್ಥಾನವೊಂದರಲ್ಲಿ ಕೆಲವು ವರ್ಷ ಮುಂಚೆ ಬಂದು ನೆಲೆಸಿ, ಹಿಂದಿನಿಂದ ಬಂದವರನ್ನು ಕೈಹಿಡಿದು ಒಳಗೆ ಕರೆದುಕೊಳ್ಳತಕ್ಕ ಹಿರಿಯ ಸಹಪಾಠಿಯೇ ನನ್ನ ಇಂದಿನ ಉಪನ್ಯಾಸದ ವಿಷಯ.

ಇಂದು ಬನಹಟ್ಟಿಯ ನೇಕಾರರ ಮನೆಗಳಿಂದಲೂ, ತೇರದಾಳ ಮಹಾಲಿಂಗಪುರಗಳ ಕಬ್ಬಿನ ತೋಟಗಳಿಂದಲೂ, ಜಮಖಂಡಿ ಬೀಳಗಿಗಳ ಓಣಿಗಳಿಂದಲೂ ನಮ್ಮ ಮಕ್ಕಳು ಧಾರವಾಡಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೊರಡುತ್ತಾರೆ. ಅವರಲ್ಲಿ ಹಲವರು ಕ್ರೈಸ್ತ ಸಂಸ್ಥೆಗಳು ನಡೆಸುವ ಕಾಲೇಜುಗಳಲ್ಲಿ ಸೇರಿ ಅಲ್ಲಿಯ ಹಾಸ್ಟೆಲುಗಳಲ್ಲಿ ಇರುತ್ತಾರೆ. ಪ್ರವೇಶದ ಹೊತ್ತಿಗೆ ತಂದೆತಾಯಿಗಳು ಫೀ ಎಷ್ಟೆಂದು ಕೇಳುತ್ತಾರೆ, ಊಟ ಹೇಗೆಂದು ಕೇಳುತ್ತಾರೆ, ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ನಡುರಾತ್ರಿಯಲ್ಲಿ ಹುಡುಗನಿಗೆ ಜ್ವರ ಬಂದರೆ, ಅಥವಾ ಮೊದಲ ಪರೀಕ್ಷೆಯಲ್ಲಿ ಸೋತ ಹುಡುಗಿ ಬಾಗಿಲು ಮುಚ್ಚಿಕೊಂಡು ಕುಳಿತರೆ, ಆ ಬಾಗಿಲನ್ನು ತಟ್ಟುವವರು ಯಾರೆಂದು ಕೇಳುವವರು ವಿರಳ. ನಾನು ಬಹುಕಾಲ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಣೆಯನ್ನು ನೋಡಿದವನಾದ್ದರಿಂದ, ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದೆಂದು ನಂಬಿದ್ದೇನೆ. ವಾರ್ಡನ್ನರು ಎಷ್ಟೇ ದಯಾಳುಗಳಾಗಿರಲಿ, ಅವರ ಮನೆ ಅಂಗಳದ ಆಚೆಗಿರುತ್ತದೆ. ಪಕ್ಕದ ಕೋಣೆಯಲ್ಲಿರುವವನು ಇನ್ನೊಬ್ಬ ವಿದ್ಯಾರ್ಥಿ. ಆ ಪಕ್ಕದ ಕೋಣೆಯವನಿಗೆ ಜವಾಬ್ದಾರಿಯೊಂದನ್ನು ಒಪ್ಪಿಸಿ, ಅದಕ್ಕೆ ಯೋಗ್ಯವಾದ ಶಿಕ್ಷಣವನ್ನೂ ಗೌರವವನ್ನೂ ಕೊಟ್ಟಾಗ ಹುಟ್ಟುವುದೇ ನಿಜವಾದ ವಿದ್ಯಾರ್ಥಿ ನಾಯಕತ್ವವೆಂದೂ, ವೇದಿಕೆ ಹಾರ ಘೋಷಣೆಗಳ ನಾಯಕತ್ವವು ಅದರ ಮುಂದೆ ಗೌಣವೆಂದೂ ಪ್ರತಿಪಾದಿಸುವುದಕ್ಕಾಗಿ ನಾನಿಲ್ಲಿ ನಿಂತಿದ್ದೇನೆ.

ಚಿಮ್ಮಡದಂಥ, ಮಠದ ನೆರಳಿನಲ್ಲಿ ಬೆಳೆದ ಊರಿನಲ್ಲಿ ಕ್ರೈಸ್ತ ಕಾಲೇಜಿನ ಮಾತೇಕೆಂದು ಯಾರಾದರೂ ಕೇಳಿಯಾರು. ವಿದ್ಯಾರ್ಥಿಗಳಿಗೆ ಅನ್ನವಿಕ್ಕಿ ಸೂರು ಕೊಡುವುದರಲ್ಲಿ ನಮ್ಮ ಮಠಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದನಿಲಯದ ಊಟವನ್ನು ಉಂಡು ಓದಿದವರು ಈ ಭಾಗದ ಊರೂರುಗಳಲ್ಲಿದ್ದಾರೆ. ಅದಕ್ಕೂ ಹಿಂದೆ ವಾರಾನ್ನದ ಮನೆಗಳಲ್ಲಿ, ಸೋಮವಾರಕ್ಕೊಂದು ಮನೆ ಮಂಗಳವಾರಕ್ಕೊಂದು ಮನೆಯೆಂಬಂತೆ ಉಂಡು ಓದಿದವರೂ ಇದ್ದರು. ಆದರೆ ಸೂರು ಅನ್ನಗಳ ಆಚೆಗೆ, ಆ ಸೂರಿನ ಕೆಳಗಿನ ಬಾಳನ್ನೇ ಒಂದು ಪಾಠಕ್ರಮವೆಂದು ಭಾವಿಸಿ, ಅದಕ್ಕೆ ಪದವಿಗಳನ್ನೂ ಕರ್ತವ್ಯಗಳನ್ನೂ ನಿಯಮಗಳನ್ನೂ ಏರ್ಪಡಿಸಿ, ತಲೆಮಾರುಗಟ್ಟಲೆ ನಡೆಸಿಕೊಂಡು ಬಂದವರಲ್ಲಿ ಕ್ರೈಸ್ತ ಕಾಲೇಜುಗಳು ಮುಂಚೂಣಿಯಲ್ಲಿವೆ. ಅವರ ಸಂಬಂಧವಾದರೂ ನಮಗೆ ದೂರದ್ದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿ, 1851ರ ಹೊತ್ತಿಗೆ ನಮ್ಮದೇ ಜಿಲ್ಲೆಯ ಗುಳೇದಗುಡ್ಡಕ್ಕೆ, ಬನಹಟ್ಟಿಯಂತೆಯೇ ಮಗ್ಗದ ಸದ್ದಿನ ಊರಿಗೆ, ತಲುಪಿದ್ದರು.

ಆ ಮಿಶನ್ನಿನ ಹರ್ಮನ್ ಮೋಗ್ಲಿಂಗರನ್ನು ನಾವು 1843ರ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ದ ಮೂಲಕ ನಮ್ಮ ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತಂದವರೆಂದು ಸ್ಮರಿಸುತ್ತೇವೆ. ಅವರು ತಾವೇ ಎಂಥ ಮನೆಯಲ್ಲಿದ್ದು ಓದಿದವರೆಂಬುದನ್ನು ವಿಚಾರಿಸುವವರು ಕಡಿಮೆ. ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ 1536ರಲ್ಲಿ ಸ್ಥಾಪಿತವಾದ ‘ಸ್ಟಿಫ್ಟ್’ ಎಂಬ ಗುರುಕುಲ ಅದು. ಧರ್ಮಶಾಸ್ತ್ರವನ್ನು ಓದುವ ಹುಡುಗರು ವರ್ಷಗಟ್ಟಲೆ ಅಲ್ಲಿ ಒಂದೇ ಕಟ್ಟಡದಲ್ಲಿ ಉಂಡು, ಮಲಗಿ, ಚರ್ಚಿಸಿ ಬೆಳೆಯುತ್ತಿದ್ದರು. ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿಯಾದ ಹ್ಯೋಲ್ಡರ್ಲಿನ್ ಈ ಮೂವರೂ ಅಲ್ಲಿ ಸಹವಾಸಿಗಳಾಗಿದ್ದರೆಂಬುದು ಯುರೋಪಿನ ವಿಚಾರೇತಿಹಾಸದಲ್ಲಿ ಪ್ರಸಿದ್ಧ. ಮಲೆಯಾಳ ನಿಘಂಟಿನ ಗುಂಡರ್ಟರೂ ಅಲ್ಲಿಯವರೇ. ಆ ಗುರುಕುಲದಲ್ಲಿ ‘ರೆಪೆಟೆಂಟ್’ ಎಂಬ ಒಂದು ಪದವಿಯಿದ್ದಿತು: ಓದು ಮುಗಿಸಿದ ತರುಣನೊಬ್ಬನು ಅಲ್ಲಿಯೇ ಉಳಿದು, ಕಿರಿಯರೊಡನೆ ವಾಸಿಸಿ, ಅವರ ಪಾಠಗಳನ್ನು ತಿರುಗಿ ಹೇಳಿಸಿ, ಅವರ ನಡೆನುಡಿಗಳ ಮೇಲೆ ಕಣ್ಣಿಟ್ಟಿರತಕ್ಕದ್ದು. ಪೂರ್ಣ ಅಧ್ಯಾಪಕನೂ ಅಲ್ಲದ, ಕೇವಲ ವಿದ್ಯಾರ್ಥಿಯೂ ಅಲ್ಲದ, ಎರಡರ ನಡುವಿನ ಹೊಸ್ತಿಲಲ್ಲಿ ನಿಂತವನು ಆತ. ಇಂಥ ಮನೆಯಿಂದ ಬಂದ ಮೋಗ್ಲಿಂಗರು ಮಂಗಳೂರಿನಲ್ಲಿ ವಿದ್ಯಾರ್ಥಿಗಳನ್ನು ತಮ್ಮ ಬಳಿಯಲ್ಲಿಯೇ ಇರಿಸಿಕೊಂಡು ಕಲಿಸುವ ಪದ್ಧತಿಯನ್ನು ಬೆಳೆಸಿದುದೂ, 1847ರಲ್ಲಿ ಅಲ್ಲಿಯ ಸೆಮಿನರಿ ಸ್ಥಾಪಿತವಾದುದೂ ಆಶ್ಚರ್ಯದ ಸಂಗತಿಯಲ್ಲ.

ಇಷ್ಟರಿಂದ ಈ ಪದ್ಧತಿಯೆಲ್ಲವೂ ಪಶ್ಚಿಮದಿಂದ ಹಡಗಿನಲ್ಲಿ ಬಂದುದೆಂದು ತಿಳಿಯಬಾರದು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತು ಹೇಳಬೇಕಾದ ಒಂದು ವೃತ್ತಾಂತವಿದೆ. ಅದು ನಮ್ಮ ಮಕ್ಕಳಿಗೆ ಶಾಲೆಯಲ್ಲಿಯೇ ತಿಳಿಸಿಕೊಡತಕ್ಕಂಥದು.

ಮದರಾಸಿನ ಎಳುಂಬೂರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ನಡೆಯುತ್ತಿದ್ದ ಆಶ್ರಮಕ್ಕೆ 1789ರಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಮೇಲ್ವಿಚಾರಕನಾದನು. ಮಾಸ್ತರರು ಅವನ ಹೊಸ ಕ್ರಮಗಳಿಗೆ ಒಲಿಯಲಿಲ್ಲ. ಅಷ್ಟರಲ್ಲಿ ನಮ್ಮ ದೇಶದ ತಿಣ್ಣೆಯ, ಎಂದರೆ ಜಗುಲಿಯ, ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಅವನು ಕಂಡನು. ಅದನ್ನೇ ತನ್ನ ಆಶ್ರಮದಲ್ಲಿ ಆರಂಭಿಸಿ, ದೊಡ್ಡವರು ಒಲ್ಲೆನೆಂದ ಕೆಲಸವನ್ನು ಎಂಟು ವರ್ಷದ ಬಾಲಕನೊಬ್ಬನಿಗೆ ಒಪ್ಪಿಸಿದನು. ಆ ಬಾಲಕ ತನಗಿಂತ ಕಿರಿಯರಿಗೆ ಅಕ್ಷರ ಕಲಿಸಿದನು, ಪ್ರಯೋಗ ಫಲಿಸಿತು. ಬೆಲ್ ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಅದು ‘ಮದರಾಸು ಪದ್ಧತಿ’ಯೆಂಬ ಹೆಸರಿನಿಂದ ಇಂಗ್ಲೆಂಡಿನ ಚರ್ಚಿನ ಶಾಲೆಗಳಲ್ಲೆಲ್ಲ ಹಬ್ಬಿತು. ಜೋಸೆಫ್ ಲ್ಯಾಂಕಾಸ್ಟರನ ಹೆಸರಿನಲ್ಲಿ ಪ್ರಸಿದ್ಧವಾದ ಇದರ ಜೋಡುಪದ್ಧತಿಯೂ ಸೇರಿ, ಕಿರಿಯರ ಹೊಣೆಯನ್ನು ಹೊತ್ತ ‘ಮಾನಿಟರ್’ ಜಗತ್ತಿನ ಶಾಲೆಗಳಿಗೆ ಪರಿಚಿತನಾದನು.

ಈ ತಿಣ್ಣೆಯ ಶಾಲೆಯನ್ನು ಕಾಣಲು ಮದರಾಸಿಗೇ ಹೋಗಬೇಕಾಗಿರಲಿಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಸರಕಾರಕ್ಕೆ ಕಳುಹಿಸಿದ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ; ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಆ ಶಾಲೆಗಳಲ್ಲಿ ಮುಂದುವರಿದ ಮಕ್ಕಳು ಹಿಂದಿದ್ದವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ರೀತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡು ಅದನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದೂ ಬರೆದಿದ್ದಾನೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ; ಎರಡನೆಯವನ ಕೈಗೆ ಸೊನ್ನೆ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಏಟಿನ ಭಾಗವನ್ನು ನಾನು ಸಮರ್ಥಿಸುವುದಿಲ್ಲ. ಆ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನೂ ಮರೆಯಲಾಗದು. ಮಿಶನ್ನಿನ ಶಾಲೆಗಳು ಆ ಬಾಗಿಲನ್ನು ಅಗಲಗೊಳಿಸಿದುದಕ್ಕಾಗಿ ನಾವು ಅವರಿಗೆ ಋಣಿಗಳು. ಆದರೂ ಹಿರಿಯ ವಿದ್ಯಾರ್ಥಿಯ ಹೊಣೆಗಾರಿಕೆಯ ಒಂದು ಎಳೆಯಾದರೂ ನಮ್ಮ ಜಗುಲಿಯಿಂದ ಎದ್ದು, ಕ್ರೈಸ್ತ ಶಾಲೆಗಳ ಕೈಸೇರಿ, ಕಡಲು ದಾಟಿ, ಹೊಸ ರೂಪದಲ್ಲಿ ಮರಳಿ ನಮ್ಮಲ್ಲಿಗೆ ಬಂದಿತೆಂದು ಕ್ಯಾಂಬೆಲ್ಲನ ಮಾತಿನಿಂದ ಊಹಿಸಬಹುದು. ಆದ್ದರಿಂದ ಅದನ್ನು ಪರಕೀಯವೆಂದು ದೂರವಿಡುವುದಕ್ಕೂ ಕಾರಣವಿಲ್ಲ, ಎರವಲು ತಂದೆವೆಂದು ಸಂಕೋಚಪಡುವುದಕ್ಕೂ ಕಾರಣವಿಲ್ಲ.

ಇನ್ನು ಮಂಗಳೂರಿಗೆ ಬರೋಣ. ಇಟಲಿಯ ಜೆಸ್ಯುಯಿಟ್ ಪಾದ್ರಿಗಳು 1878ರ ಕೊನೆಯ ದಿನ ಅಲ್ಲಿಗೆ ಬಂದು, 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಜೆಸ್ಯುಯಿಟರು 1599ರಲ್ಲಿ ತಮ್ಮ ವಿದ್ಯಾಲಯಗಳಿಗೆಲ್ಲ ಒಂದು ಶಿಕ್ಷಣಸಂಹಿತೆಯನ್ನು ರಚಿಸಿಕೊಂಡಿದ್ದರು. ಅದರಲ್ಲಿ ತರಗತಿಯ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಹುಡುಗರಲ್ಲಿಯೇ ಒಬ್ಬನನ್ನು ‘ದಶನಾಯಕ’ನನ್ನಾಗಿ ನೇಮಿಸಿ, ಉಳಿದವರ ಪಾಠವನ್ನು ಒಪ್ಪಿಸಿಕೊಳ್ಳುವ ಕೆಲಸವನ್ನು ಅವನಿಗೆ ವಹಿಸುವ ಕ್ರಮವಿದೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಆ ಸಂಹಿತೆಗಿಂತ ಹೆಚ್ಚಾಗಿ, ಆ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತನ ಚರಿತ್ರೆ. ಮಂಗಳೂರಿಗೆ ಹೋದವರು ಅಲ್ಲಿಯ ಪ್ರಾರ್ಥನಾಮಂದಿರವನ್ನು ನೋಡದೆ ಬರುವುದಿಲ್ಲ. ಇಟಲಿಯ ಚಿತ್ರಕಾರ ಆಂಟೋನಿಯೋ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅದರ ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದನು. ಮೇಲಿನ ಮಾಡಿನಲ್ಲಿರುವುದು ಅಲೋಶಿಯಸ್ ಗೊನ್ಸಾಗನ ಜೀವನ. 1568ರಲ್ಲಿ ರಾಜವಂಶದಲ್ಲಿ ಹುಟ್ಟಿ, ಸಿಂಹಾಸನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ವಿದ್ಯಾರ್ಥಿಯಾಗಿ ಸೇರಿದ ಈ ತರುಣನು, ನಗರಕ್ಕೆ ಮಾರಿಬೇನೆ ಬಂದಾಗ ರೋಗಿಗಳ ಶುಶ್ರೂಷೆಗೆ ನಿಂತು, ಅದೇ ಬೇನೆಗೆ ಸಿಕ್ಕಿ, 1591ರಲ್ಲಿ ತನ್ನ 23ನೆಯ ವಯಸ್ಸಿನಲ್ಲಿ ಮೃತನಾದನು. ಯುವಕರ ಪಾಲಕಸಂತನೆಂದು ಚರ್ಚು ಆರಿಸಿಕೊಂಡದ್ದು ದೊಡ್ಡ ಗ್ರಂಥವನ್ನು ಬರೆದವನನ್ನಲ್ಲ, ದೊಡ್ಡ ಸಭೆಯನ್ನು ಆಳಿದವನನ್ನಲ್ಲ. ರೋಗಿಯನ್ನು ತೋಳಿನಲ್ಲೆತ್ತಿಕೊಂಡು ಆಸ್ಪತ್ರೆಗೆ ಒಯ್ದ ಒಬ್ಬ ವಿದ್ಯಾರ್ಥಿಯನ್ನು! ಹಾಸ್ಟೆಲಿನಲ್ಲಿ ಜ್ವರದಿಂದ ಮಲಗಿದ ಹುಡುಗನ ತಲೆಯ ಬಳಿ ಗಂಜಿಯ ಬಟ್ಟಲನ್ನು ಹಿಡಿದು ಕುಳಿತ ಹಿರಿಯ ವಿದ್ಯಾರ್ಥಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವಿದ್ಯಾರ್ಥಿಯ ನಾಯಕತ್ವಕ್ಕೆ ಇದಕ್ಕಿಂತ ಉಜ್ಜ್ವಲವಾದ ಪ್ರಮಾಣ ನನಗೆ ಬೇಕೆನಿಸಿಲ್ಲ.

ವಸತಿಜೀವನವು ಅತ್ಯಂತ ವ್ಯವಸ್ಥಿತವಾದ ರೂಪವನ್ನು ತಾಳಿದುದು, ನನ್ನ ತಿಳಿವಳಿಕೆಯ ಮಟ್ಟಿಗೆ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು, ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವರು, ಓದಿದ ಕಾಲೇಜು ಅದೇ. 1837ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಜಾನ್ ಆಂಡರ್ಸನ್ ಆರಂಭಿಸಿದ ಶಾಲೆಯು, 1862ರಲ್ಲಿ ಬಂದ ವಿಲಿಯಂ ಮಿಲ್ಲರನ ಕೈಯಲ್ಲಿ ಬೆಳೆದು ದಕ್ಷಿಣದ ಮಹಾವಿದ್ಯಾಲಯವಾಯಿತು. ಪಾಠ ಮುಗಿದೊಡನೆ ಹುಡುಗರು ಪಟ್ಟಣದ ಗಲ್ಲಿಗಳಲ್ಲಿ ಚೆದುರಿಹೋದರೆ ಕಾಲೇಜು ಅರ್ಧಮಾತ್ರ ಕೆಲಸ ಮಾಡಿದಂತೆಂಬುದನ್ನು ಮಿಲ್ಲರ್ ಬಲ್ಲವನಾಗಿದ್ದನು. ಅವನ ಕಾಲದಲ್ಲಿಯೇ ಕಾಲೇಜಿಗೆ ಹೊಂದಿ ವಸತಿಗೃಹಗಳೆದ್ದವು. 1930ರ ಸುಮಾರಿಗೆ, ಆಕ್ಸ್‌ಫರ್ಡಿನ ಲಿಂಡ್ಸೆಯವರ ಅಧ್ಯಕ್ಷತೆಯಲ್ಲಿ ಭಾರತದ ಕ್ರೈಸ್ತ ಕಾಲೇಜುಗಳನ್ನು ಪರಿಶೀಲಿಸಲು ಬಂದ ಆಯೋಗವು ಪರೀಕ್ಷೆಯ ಭಾರದಡಿಯಲ್ಲಿ ಗುರುಶಿಷ್ಯರ ಸಾಮೀಪ್ಯವು ನಲುಗುತ್ತಿರುವುದನ್ನು ಕಂಡು ಚಿಂತಿಸಿತು. ಕೊನೆಗೆ 1937ರಲ್ಲಿ ಆ ಕಾಲೇಜು ಪಟ್ಟಣದ ಗದ್ದಲವನ್ನು ಬಿಟ್ಟು, ತಾಂಬರಂ ಬಳಿಯ ನೂರಾರು ಎಕರೆಗಳ ಕುರುಚಲು ಕಾಡಿಗೆ ಹೊರಟುಹೋಯಿತು. ಅಲ್ಲಿ ಸೇಲೈಯೂರು ಹಾಲ್, ಸಂತ ಥಾಮಸರ ಹಾಲ್, ಬಿಷಪ್ ಹೀಬರ್ ಹಾಲ್ ಎಂಬ ಮೂರು ವಸತಿಗೃಹಗಳು ಎದ್ದವು.

ಈ ಹಾಲುಗಳ ವಿಶೇಷವೇನೆಂದರೆ, ಅವು ಹಾಸಿಗೆಗಳ ಉಗ್ರಾಣಗಳಾಗದೆ ಒಂದೊಂದೂ ಒಂದು ಚಿಕ್ಕ ಗಣರಾಜ್ಯವಾದುದು. ವಾರ್ಡನ್ನರಾದ ಅಧ್ಯಾಪಕರು ಅಲ್ಲಿಯೇ ವಾಸಿಸುವರು. ಅವರ ಜೊತೆಗೆ ವಿದ್ಯಾರ್ಥಿಗಳು ತಾವೇ ಆರಿಸಿದ ಕಾರ್ಯದರ್ಶಿಗಳ ಮಂಡಲವೊಂದು ಹಾಲಿನ ದಿನಚರಿಯನ್ನು ನಡೆಸುವುದು. ಮೆಸ್ಸಿನ ಹೊಣೆ ಒಬ್ಬನದು, ಆಟದ ಹೊಣೆ ಮತ್ತೊಬ್ಬನದು, ಸಭೆ ನಾಟಕ ಸಂಗೀತಗಳ ಹೊಣೆ ಇನ್ನೊಬ್ಬನದು. ವರ್ಷಕ್ಕೊಮ್ಮೆ ಹಾಲಿನ ಹಬ್ಬ, ಹಳಬರೆಲ್ಲ ಬರುವರು. ಮೇಲುನೋಟಕ್ಕೆ ಇದೆಲ್ಲ ಸಾಧಾರಣವೆಂದು ಕಂಡೀತು. ಆದರೆ ಮೆಸ್ಸಿನ ಲೆಕ್ಕವನ್ನು ಒಂದು ತಿಂಗಳು ಬರೆದ ಹತ್ತೊಂಬತ್ತು ವರ್ಷದ ತರುಣನು ಕಲಿಯುವುದನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಯಾವ ಪ್ರಾಧ್ಯಾಪಕನೂ ಕಲಿಸಲಾರನು. ಬೇಳೆಯ ಧಾರಣೆ ಏರಿದಾಗ ಸಾರು ನೀರಾಗಬೇಕೋ, ಬಿಲ್ಲು ಏರಬೇಕೋ ಎಂಬ ನಿರ್ಣಯವನ್ನು ಅವನು ಗೆಳೆಯರ ಮುಂದೆ ನಿಂತು ಹೇಳಬೇಕಾಗುತ್ತದೆ. ಅಡುಗೆಯವನು ಮುನಿದಾಗ ಸಮಾಧಾನ ಹೇಳಬೇಕಾಗುತ್ತದೆ. ಬಿಲ್ಲು ಕಟ್ಟಲಾರದ ಬಡಹುಡುಗನ ಸಂಗತಿಯನ್ನು ನಾಲ್ಕು ಜನಕ್ಕೆ ಕೇಳಿಸದಂತೆ ವಾರ್ಡನ್ನರಿಗೆ ಮುಟ್ಟಿಸಬೇಕಾಗುತ್ತದೆ. ಈ ಮೂರನೆಯ ಕೆಲಸದಲ್ಲಿ ಬೇಕಾಗುವ ಸೂಕ್ಷ್ಮತೆಯೂ ಗೌಪ್ಯವೂ ಉಳಿದೆಲ್ಲ ಗುಣಗಳಿಗಿಂತ ದೊಡ್ಡವೆಂದು ನಾನು ಭಾವಿಸುತ್ತೇನೆ. ಅವನ್ನು ಇಪ್ಪತ್ತರ ಒಳಗೆ ಕಲಿಯದವನು ಮುಂದೆ ಕಲಿಯುವುದು ಕಷ್ಟ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಸತಿಯ ಪ್ರಶ್ನೆ ಇನ್ನೂ ಗುರುತರವಾದುದು. 1915ರಲ್ಲಿ ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜೂ, 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಮಂಗಳೂರಿನ ಸಂತ ಆಗ್ನೆಸ್ ಕಾಲೇಜೂ ಆರಂಭವಾದಾಗ, ಮನೆಯ ಹೊಸ್ತಿಲನ್ನು ದಾಟಿಸಿ ಮಗಳನ್ನು ದೂರ ಕಳುಹಿಸಲು ತಂದೆತಾಯಿಗಳಿಗೆ ಧೈರ್ಯ ಬರಬೇಕಾದರೆ ಕಾಲೇಜಿನ ಗೋಡೆಯೊಳಗೆ ನಂಬಿಕೆಯ ವಸತಿಯೊಂದು ಇರಲೇಬೇಕಾಗಿತ್ತು. ಹಾಸ್ಟೆಲು ಇಲ್ಲದಿದ್ದರೆ ಎಷ್ಟೋ ಹುಡುಗಿಯರ ಪಾಲಿಗೆ ಕಾಲೇಜೇ ಇಲ್ಲ. ಈ ಮಾತು ಇಂದಿಗೂ ನಮ್ಮ ಸೀಮೆಯಲ್ಲಿ ಸತ್ಯ. ಮತ್ತು ಅಂಥ ಮನೆಯಲ್ಲಿ, ಅದುವರೆಗೆ ಹಿರಿಯರ ಮುಂದೆ ಬಾಯಿ ತೆರೆಯದೆ ಬೆಳೆದ ಹುಡುಗಿಯೊಬ್ಬಳು ತನ್ನ ಮಹಡಿಯ ಮೂವತ್ತು ಜನರ ಪರವಾಗಿ ಎದ್ದುನಿಂತು ನೀರಿನ ತೊಂದರೆಯನ್ನು ಹೇಳುವ ದಿನ, ಅವಳ ಬಾಳಿನಲ್ಲಿ ಪದವಿಪ್ರದಾನದ ದಿನಕ್ಕಿಂತ ಕಡಿಮೆಯದಲ್ಲ.

ಇಷ್ಟು ಹೊಗಳಿದ ಮೇಲೆ, ಈ ಪದ್ಧತಿಯ ಒಡಲಲ್ಲಿಯೇ ಇರತಕ್ಕ ವಿಷವನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ 1828ರಿಂದ 1842ರ ವರೆಗೆ ಮುಖ್ಯಾಧ್ಯಾಪಕನಾಗಿದ್ದ ಥಾಮಸ್ ಅರ್ನಾಲ್ಡನು ಮೇಲ್ತರಗತಿಯ ಹುಡುಗರಿಗೆ ಕಿರಿಯರ ಮೇಲೆ ಅಧಿಕಾರವನ್ನು ಕೊಟ್ಟು, ಕ್ರೈಸ್ತ ಸಜ್ಜನರನ್ನು ನಿರ್ಮಿಸುವ ಮಹದಾಸೆಯಿಂದ ಶಾಲೆಯನ್ನು ನಡೆಸಿದನು. ಅವನ ಉದ್ದೇಶ ಉದಾತ್ತವಾದುದು. ಆದರೆ ಆ ದೇಶದ ವಸತಿಶಾಲೆಗಳಲ್ಲಿ ಕಿರಿಯನು ಹಿರಿಯನ ಬೂಟು ಒರೆಸುವ, ಚಹಾ ಕಾಯಿಸುವ, ಏಟು ತಿನ್ನುವ ರೂಢಿಯೂ ಅದರ ಜೊತೆಗೇ ಬೆಳೆದುಕೊಂಡು ಹೋಯಿತು. ಅಧಿಕಾರವನ್ನು ಕೊಟ್ಟೆವು, ಅದರ ಮಿತಿಯನ್ನು ಹೇಳಲಿಲ್ಲವೆಂದಾದರೆ ಹದಿನೆಂಟರ ಹುಡುಗ ಹದಿನಾರರ ಹುಡುಗನಿಗೆ ಎಷ್ಟು ಕ್ರೂರಿಯಾಗಬಲ್ಲನೆಂಬುದನ್ನು ವಸತಿಗೃಹಗಳಲ್ಲಿ ಬಾಳಿದವರೆಲ್ಲ ಬಲ್ಲರು. ನಮ್ಮ ದೇಶದಲ್ಲಿ ರ‍್ಯಾಗಿಂಗ್ ಎಂಬ ಹೆಸರಿನಿಂದ ನಡೆದ ಅನಾಚಾರಕ್ಕೆ ಎಳೆಯ ಪ್ರಾಣಗಳು ಬಲಿಯಾಗಿವೆ. ಸರ್ವೋಚ್ಚ ನ್ಯಾಯಾಲಯವೇ ಮಧ್ಯೆ ಬರಬೇಕಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು.

ಆ ನಿಯಮಗಳ ದಂಡನೆಯ ಭಾಗವನ್ನು ಎಲ್ಲರೂ ಓದಿದ್ದಾರೆ. ಅಡ್ಮಿಷನ್ ಸಮಯದಲ್ಲಿ ಸಹಿಮಾಡಿಸಿಕೊಳ್ಳುವ ಮುಚ್ಚಳಿಕೆಯೂ ಎಲ್ಲರಿಗೆ ಗೊತ್ತು. ಅದರಲ್ಲಿಯೇ ಇನ್ನೊಂದು ವಿಧಿಯಿದೆ, ಅದರ ಕಡೆಗೆ ಗಮನ ಹರಿದದ್ದು ಕಡಿಮೆ: ಹೊಸಬರಾದ ಆರು ಜನಕ್ಕೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಕನಿರಬೇಕು, ಅಂಥ ಆರು ಮಾರ್ಗದರ್ಶಕರಿಗೆ ಮೇಲಿನ ವರ್ಷದವನೊಬ್ಬನಿರಬೇಕು ಎಂದು. ನಮ್ಮ ಜಗುಲಿಯ ಶಾಲೆಗೂ ಜೆಸ್ಯುಯಿಟರ ದಶನಾಯಕನಿಗೂ ಟ್ಯೂಬಿಂಗೆನ್ನಿನ ರೆಪೆಟೆಂಟನಿಗೂ ಸರಕಾರದ ಈ ಆರರ ಲೆಕ್ಕಕ್ಕೂ ಇರುವ ಬಾಂಧವ್ಯವನ್ನು ನೋಡಿರಿ. ದಂಡನೆಯ ಕಾಗದಗಳನ್ನು ತಪ್ಪದೆ ತುಂಬಿಸಿಕೊಳ್ಳುವ ಕಾಲೇಜುಗಳು ಈ ಆರು ಜನರ ಗುಂಪನ್ನು ಮಾತ್ರ ಏಕೆ ನಿಜವಾಗಿ ರಚಿಸುವುದಿಲ್ಲವೆಂಬುದು ನನ್ನನ್ನು ಬಹುವಾಗಿ ನೋಯಿಸುವ ಪ್ರಶ್ನೆ.

ಹಿರಿತನವು ಒಡೆತನವಾಗದಂತೆ ಕಾಯುವ ಸಾಧನವು ಕ್ರೈಸ್ತಧರ್ಮದ ಹೃದಯದಲ್ಲಿಯೇ ಇದೆ. ಮರಣದ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಯೇಸು ಎದ್ದು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತಂದು, ತನ್ನ ಶಿಷ್ಯರ ಕಾಲುಗಳನ್ನು ತೊಳೆದ ಪ್ರಸಂಗವನ್ನು ಯೋಹಾನನ ಸುವಾರ್ತೆ ಹೇಳುತ್ತದೆ. ಪೇತ್ರನು ಸಂಕೋಚದಿಂದ ಕಾಲನ್ನು ಹಿಂದೆಳೆದುಕೊಂಡರೂ ಗುರು ಬಿಡಲಿಲ್ಲ. ಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಹಿರಿಯರ ಲಕ್ಷಣವೆಂದು ಹೇಳಿದುದನ್ನು ಕೇಳಿ ಬೆಳೆದ ನಮಗೆ ಈ ಪ್ರಸಂಗವು ಅಪರಿಚಿತವೆನಿಸುವುದಿಲ್ಲ. ಕ್ರೈಸ್ತ ಕಾಲೇಜಿನ ಹಿರಿಯ ವಿದ್ಯಾರ್ಥಿಯ ಪದವಿಗೆ ಆಧಾರವಾಗಿ ಈ ಪ್ರಸಂಗವನ್ನು ಇಟ್ಟುಕೊಂಡ ಕಡೆ ಆ ಪದವಿ ಬೆಳಗಿದೆ. ರಗ್ಬಿಯ ಬೆತ್ತವನ್ನು ಇಟ್ಟುಕೊಂಡ ಕಡೆ ಕೆಟ್ಟಿದೆ.

ಧರ್ಮದ ಮಾತು ಬಂದುದರಿಂದ ಇನ್ನೊಂದು ಶಂಕೆಯನ್ನೂ ಮುಚ್ಚಿಡದೆ ಎತ್ತಿಕೊಳ್ಳುತ್ತೇನೆ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿಣ್ಯರು ಕ್ರೈಸ್ತದೀಕ್ಷೆಯನ್ನು ಪಡೆದಾಗ ಊರಿನಲ್ಲಿ ದೊಡ್ಡ ಕ್ಷೋಭೆಯೆದ್ದಿತು. ತಮ್ಮ ಮಗ ಅನ್ಯರ ಸೂರಿನಲ್ಲಿ ತಮ್ಮವನಾಗಿ ಉಳಿಯುವನೇ ಎಂಬ ತಂದೆತಾಯಿಗಳ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂದು ಕ್ರೈಸ್ತ ಕಾಲೇಜುಗಳ ಹಾಸ್ಟೆಲುಗಳಲ್ಲಿ ಹಿಂದೂ ಮುಸ್ಲಿಂ ಜೈನ ಕ್ರೈಸ್ತ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಅಲ್ಲಿಯ ಹಿರಿಯ ವಿದ್ಯಾರ್ಥಿಯ ಕರ್ತವ್ಯ ಪರರ ಶ್ರದ್ಧೆಯನ್ನು ಕದಲಿಸುವುದಲ್ಲ, ಕಾಯುವುದು. ರಮಜಾನಿನ ಉಪವಾಸದವನಿಗೆ ನಸುಕಿನ ಊಟವನ್ನು ಎತ್ತಿರಿಸುವುದೂ, ಮೊದಲ ಸಲ ಮನೆಬಿಟ್ಟು ಬಂದ ಲಿಂಗಾಯತ ಹುಡುಗನು ಬೆಳಗಿನ ಇಷ್ಟಲಿಂಗಪೂಜೆಗೆ ನಿಶ್ಶಬ್ದವಾದ ಮೂಲೆಯೊಂದನ್ನು ಕೇಳಿದಾಗ ಒದಗಿಸುವುದೂ, ಕ್ರಿಸ್‌ಮಸ್ಸಿನ ರಾತ್ರಿ ಎಲ್ಲರೂ ಕೂಡಿ ದೀಪ ಕಟ್ಟುವುದೂ ಅವನ ಕೆಲಸದಲ್ಲಿ ಸೇರಿದುವು. ಜಾತಿಯ ಹೆಸರಿನಲ್ಲಿ ಬೇರೆಬೇರೆಯಾಗಿ ಉಣ್ಣುತ್ತಿದ್ದ ನಾಡಿನಲ್ಲಿ, ಯಾರ ಪಕ್ಕದಲ್ಲಿ ಯಾರು ಕುಳಿತರೆಂದು ಕೇಳದ ಊಟದ ಮನೆಯನ್ನು ಕಟ್ಟುವುದಕ್ಕಿಂತ ದೊಡ್ಡ ದೇಶಸೇವೆಯನ್ನು ವಿದ್ಯಾರ್ಥಿಗಳಿಂದ ನಾನು ನಿರೀಕ್ಷಿಸಲಾರೆ.

ಈಗ ನಮ್ಮ ನಾಲ್ಕು ತಾಲೂಕುಗಳ ಮಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸರಕಾರದ ವಿದ್ಯಾರ್ಥಿನಿಲಯಗಳಿವೆ, ಮಠಗಳ ಬೋರ್ಡಿಂಗುಗಳಿವೆ, ಖಾಸಗಿ ಹಾಸ್ಟೆಲುಗಳೂ ಇವೆ. ಕಟ್ಟಡಗಳಿಗಾಗಿ ನಾವು ಹೋರಾಡಿದ್ದೇವೆ, ಅಕ್ಕಿ ಬೇಳೆಗಾಗಿ ಅರ್ಜಿ ಕೊಟ್ಟಿದ್ದೇವೆ. ಒಳಗಿನ ಬಾಳಿನ ಹೊಣೆಯನ್ನು ಮಾತ್ರ ಒಬ್ಬ ಮೇಲ್ವಿಚಾರ‌ಕರ ತಲೆಗೆ ಕಟ್ಟಿ ಮರೆತಿದ್ದೇವೆ. ಅವರಿಗೆ ಹಾಜರಿಪುಸ್ತಕ, ದಿನಸಿಯ ಲೆಕ್ಕ, ಮೇಲಿನವರ ತಪಾಸಣೆ ಇವುಗಳಲ್ಲಿಯೇ ಹಗಲು ಕಳೆಯುತ್ತದೆ. ಅಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ಕೊಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಹೊಸಬರ ಮೊದಲ ವಾರಗಳು. ಜೂನ್ ಜುಲೈ ತಿಂಗಳಲ್ಲಿ ಟ್ರಂಕನ್ನೂ ರೊಟ್ಟಿಯ ಗಂಟನ್ನೂ ಹಿಡಿದು ಬಂದಿಳಿಯುವ ಹುಡುಗನಿಗೆ ಬೇಕಾಗಿರುವುದು ಸ್ವಾಗತಭಾಷಣವಲ್ಲ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿ ಮಾಡಿಸಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಯಾವ ದಾಖಲೆ ಬೇಕು, ಇಂಗ್ಲಿಷಿನಲ್ಲಿ ನಡೆಯುವ ಪಾಠ ತಿಳಿಯದಿದ್ದರೆ ಸಂಜೆ ಯಾರ ಬಳಿ ಕೂಡಬೇಕು ಎಂಬುದನ್ನು ತಿಳಿಸುವ ಒಬ್ಬ ಅಣ್ಣ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ವರ್ಷದಲ್ಲಿ ಕುಗ್ಗಿಹೋಗುವುದು ಬುದ್ಧಿಯ ಕೊರತೆಯಿಂದಲ್ಲ, ಕೇಳಲು ನಾಚಿ. ಹಿಂದಿನ ವರ್ಷ ತಾನೇ ಹಾಗೆ ನಾಚಿದವನ ಮುಂದೆ ಆ ನಾಚಿಕೆ ಕರಗುತ್ತದೆ. ಪ್ರಾಧ್ಯಾಪಕರ ಮುಂದೆ ಕರಗುವುದಿಲ್ಲ. ಮೆಸ್ಸಿನ ಲೆಕ್ಕವನ್ನೂ ರೋಗಿಗಳ ಆರೈಕೆಯನ್ನೂ ಆಗಲೇ ಹೇಳಿದ್ದೇನೆ.

ಅವರಿಗೆ ಕೊಡಬಾರದ ಕೆಲಸವೊಂದಿದೆ: ಶಿಕ್ಷೆ. ದಂಡ ವಿಧಿಸುವ ಅಧಿಕಾರವು ಯಾವ ವಿದ್ಯಾರ್ಥಿಯ ಕೈಯಲ್ಲಿಯೂ ಇರಕೂಡದು. ಗೆಳೆಯರ ಗುಟ್ಟುಗಳನ್ನು ಮೇಲಿನವರಿಗೆ ಮುಟ್ಟಿಸುವ ಗೂಢಚಾರನನ್ನಾಗಿಯೂ ಅವನನ್ನು ಬಳಸಕೂಡದು. ಪ್ರಾಣಕ್ಕೆ ಅಪಾಯವಿರುವ ಸಂಗತಿಯನ್ನು ಮಾತ್ರ ಅವನು ಒಂದು ಗಳಿಗೆಯೂ ತನ್ನಲ್ಲಿಟ್ಟುಕೊಳ್ಳದೆ ಹಿರಿಯರಿಗೆ ಹೇಳತಕ್ಕದ್ದೆಂಬ ನಿಯಮವನ್ನು ಮೊದಲ ದಿನವೇ ಎಲ್ಲರೆದುರು ಸಾರಬೇಕು. ಜೀವನದಲ್ಲಿ ಬೇಸತ್ತ ಗೆಳೆಯನ ಮಾತನ್ನು ಕೇಳಿಸಿಕೊಳ್ಳುವ ಹೊರೆಯನ್ನು ಇಪ್ಪತ್ತರ ತರುಣನೊಬ್ಬನೇ ಹೊರಲಾರನು, ಹೊರಿಸುವುದು ಧರ್ಮವೂ ಅಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಅವನ ಮಾತನ್ನು ಕೇಳಲು ಅಧ್ಯಾಪಕರೊಬ್ಬರು ಅವನೊಡನೆ ಕುಳಿತುಕೊಳ್ಳಬೇಕು. ತಾಂಬರಮ್ಮಿನಲ್ಲಿ ವಾರ್ಡನ್ನರು ಹಾಲಿನಲ್ಲಿಯೇ ವಾಸಿಸುವ ಏರ್ಪಾಡಿನ ಪ್ರಯೋಜನವು ಇಲ್ಲಿ ಅರಿವಾಗುತ್ತದೆ: ಹಿರಿಯ ವಿದ್ಯಾರ್ಥಿಗೂ ಒಬ್ಬ ಹಿರಿಯರು ಕೂಗಳತೆಯಲ್ಲಿರುತ್ತಾರೆ.

ಆಯ್ಕೆಯು ಚುನಾವಣೆಯಿಂದ ಆಗಬೇಕೋ ನೇಮಕದಿಂದ ಆಗಬೇಕೋ ಎಂಬ ವಾದವಿದೆ. 2006ರ ಲಿಂಗ್ಡೊ ಸಮಿತಿಯ ವರದಿಯಾದ ಮೇಲೆ ಕಾಲೇಜು ಚುನಾವಣೆಗಳ ಚರ್ಚೆ ದೇಶದಲ್ಲೆಲ್ಲ ನಡೆದಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮೆಸ್ಸಿನ ಕಾರ್ಯದರ್ಶಿಯನ್ನು ಉಣ್ಣುವವರೇ ಆರಿಸಲಿ, ಹೊಸಬರ ಮಾರ್ಗದರ್ಶಕನನ್ನು ಅಧ್ಯಾಪಕರು ಹಿಂದಿನ ವರ್ಷದ ಕಿರಿಯರನ್ನು ವಿಚಾರಿಸಿ ನೇಮಿಸಲಿ ಎಂಬುದು ನನ್ನ ಅಭಿಪ್ರಾಯ. ಯಾರು ತಮ್ಮನ್ನು ಚೆನ್ನಾಗಿ ನೋಡಿಕೊಂಡರೆಂಬುದನ್ನು ಕಿರಿಯರಷ್ಟು ಖಚಿತವಾಗಿ ಮತ್ತಾರೂ ಹೇಳಲಾರರು.

ಕಡೆಯದಾಗಿ, ಈ ಕೆಲಸಕ್ಕೆ ಪ್ರತಿಫಲವಿರಬೇಕೇ ಎಂಬ ಪ್ರಶ್ನೆ. ಪಶ್ಚಿಮದ ಅನೇಕ ಕಾಲೇಜುಗಳಲ್ಲಿ ಇಂಥ ಹಿರಿಯ ವಿದ್ಯಾರ್ಥಿಗೆ ಕೋಣೆಯ ಬಾಡಿಗೆಯನ್ನೂ ಊಟದ ಖರ್ಚನ್ನೂ ಬಿಡುತ್ತಾರೆ. ಸೇವೆಗೆ ಬೆಲೆಕಟ್ಟಿದಂತಾಗುತ್ತದೆಂದು ಕೆಲವರು ಆಕ್ಷೇಪಿಸಬಹುದು. ನಾನು ಒಪ್ಪುವುದಿಲ್ಲ. ಬಡವರ ಮನೆಯ ಹುಡುಗನು ಸಂಜೆಯ ಹೊತ್ತು ಅಂಗಡಿಯಲ್ಲಿ ದುಡಿದು ಮೆಸ್ ಬಿಲ್ಲನ್ನು ಕಟ್ಟುವವನಾದರೆ, ಕಿರಿಯರಿಗಾಗಿ ಅವನ ಸಂಜೆಯನ್ನು ನಾವು ಕೇಳುವುದು ಹೇಗೆ? ಪ್ರತಿಫಲವಿಲ್ಲದ ಪದವಿ ಉಳ್ಳವರ ಮಕ್ಕಳಿಗೇ ಮೀಸಲಾಗಿಬಿಡುತ್ತದೆ. ಕಷ್ಟವನ್ನು ಉಂಡವನೇ ಕಷ್ಟದಲ್ಲಿರುವವನ ಬಳಿ ಕೂಡಬಲ್ಲವನಾದರೂ ಅವನೇ ಹೊರಗುಳಿಯುತ್ತಾನೆ. ಆದಕಾರಣ ಈ ದತ್ತಿಯ ಮನೆತನದವರಲ್ಲಿ ನನ್ನದೊಂದು ವಿನಂತಿ: ದತ್ತಿಯ ವಾರ್ಷಿಕ ಬಡ್ಡಿಯಲ್ಲಿ ಉಪನ್ಯಾಸದ ವೆಚ್ಚವನ್ನು ಕಳೆದು ಉಳಿದ ಹಣವನ್ನು, ನನಗೆ ಕೊಡಮಾಡಿರುವ ಗೌರವಧನವನ್ನೂ ಅದಕ್ಕೆ ಸೇರಿಸಿ, ನಮ್ಮ ತಾಲೂಕಿನ ವಿದ್ಯಾರ್ಥಿನಿಲಯವೊಂದರಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿ, ಹೊಸಬರನ್ನು ನೋಡಿಕೊಳ್ಳುವ ಹಿರಿಯರಿಬ್ಬರ ವರ್ಷದ ಊಟದ ಖರ್ಚಿಗೆ ವಿನಿಯೋಗಿಸಬೇಕು, ಬರುವ ಜೂನ್ ತಿಂಗಳಿಂದಲೇ ಅದು ಆರಂಭವಾಗುವುದಾದರೆ, ಅವರೊಡನೆ ವಾರಕ್ಕೊಮ್ಮೆ ಕುಳಿತುಕೊಳ್ಳಲು ನಾನೇ ಬಸ್ಸು ಹಿಡಿದು ಬರುತ್ತೇನೆ.